ಕಡಲಾಮೆ ಗೂಡು ಮತ್ತು ಹೋಂಸ್ಟೇ ದುಡ್ಡು: ನನ್ನ ಅನುಭವ

"ಆಮೆಮರಿ ದಾರಿ ತಪ್ಪುತ್ತವೆಂದು ಸಮುದ್ರದ ಕಡೆಯ ದೀಪ ಎಲ್ಲ ಆರಿಸಿದರೆ ಗಿರಾಕಿ ಯಾರು ಬರ್ತಾರೆ ಮಾರಾಯಾ?" ಕಾರವಾರ ಕಡೆ ಹೋಂಸ್ಟೇ ಇಟ್ಟ ನಮ್ಮವರೆಲ್ಲ ಕೇಳಿದ್ದು ಇದನ್ನೇ. ಈಗ ಆಮೆ ಸೀಸನ್ನಿನಲ್ಲಿ ಶನಿವಾರ ನನ್ನಲ್ಲಿ ಕೋಣೆ ಸಿಗುವುದೇ ಕಷ್ಟ.

ನಮ್ಮಲ್ಲಿ ಬರುವ ಆಲಿವ್ ರಿಡ್ಲಿ ಜಾತಿಯ ಕಡಲಾಮೆಯ ಒಂದು ಗೂಡಿಗೆ 100–120 ಮೊಟ್ಟೆ. ಅರಣ್ಯ ಇಲಾಖೆಗೆ ಹೇಳದೆ ಮುಟ್ಟುವಂತಿಲ್ಲ, ಅದು ನಿಮಗೆ ಗೊತ್ತಿದ್ದದ್ದೇ. ನಮಗೆ ಕಾಟ ಕೊಟ್ಟದ್ದು ನಾಯಿ. ಮೊದಲು ಸುತ್ತ ಹಳೆ ಬಲೆ ಕಟ್ಟಿದೆವು. ಅಡಿಯಿಂದ ಕೆರೆದು ಒಳಗೆ ನುಗ್ಗಿತು. ಬೆಳಿಗ್ಗೆ ನೋಡಿದರೆ ಮುದುಡಿದ ಬಿಳಿ ಸಿಪ್ಪೆ, ಅದರ ಮೇಲೆ ಇರುವೆ ಸಾಲು. ಖಾರದ ಪುಡಿ ಉದುರಿಸಿದೆವು, ಇಬ್ಬನಿಗೆ ಮುದ್ದೆಯಾಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ಅಡಿಕೆ ದಬ್ಬೆಯ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿಗಳ ತಟ್ಟಿ. ಶಿರಸಿ ಕಡೆಯಿಂದ ತರಿಸಿದ್ದು, ಬಾಡಿಗೆ ಸೇರಿ ಒಂದಕ್ಕೆ ಸುಮಾರು 400 ರೂಪಾಯಿ. ಗೂಡಿನ ಮೇಲೆ ಹಾಸಿ, ಅಂಚನ್ನು ಒಂದಡಿ ಹೂಳಬೇಕು. ದಬ್ಬೆ ನಡುವೆ ನಾಲ್ಕು ಬೆರಳು ಸಂದು ಬಿಡಿ, ಇಲ್ಲದಿದ್ದರೆ ಮರಿ ಸಿಕ್ಕಿಬೀಳುತ್ತದೆ. ಕಟ್ಟುವ ಗಂಟು ಮಾತ್ರ ಹೇಳುವುದಿಲ್ಲ, ನೋಡಲು ಬಂದರೆ ತೋರಿಸುತ್ತೇನೆ.

ಆದರೆ ತಟ್ಟಿಗಿಂತ ದೊಡ್ಡ ವಿಷಯ ದುಡ್ಡು ಹಂಚುವ ರೀತಿ. ಮೊದಲ ವರ್ಷ ಗೂಡು ತೋರಿಸಿದವರ ಕೈಗೆ ಅಲ್ಲೇ 1,000 ಕೊಟ್ಟೆ. ದುಡ್ಡು ಕಿಸೆಗೆ ಬಿದ್ದ ಮೇಲೆ ಯಾರೂ ಆ ಕಡೆ ತಲೆ ಹಾಕಲಿಲ್ಲ. ಮುಂದಿನ ವರ್ಷ 2,000 ಎಂದೆ: ತೋರಿಸಿದಾಗ 500, ಉಳಿದದ್ದು ಮರಿ ನೀರು ಸೇರಿದ ಮೇಲೆ. ಬಲೆ ಎಳೆಯುವ ಹುಡುಗರು ತಾವೇ ಸರದಿ ಹಾಕಿಕೊಂಡು ಕಾಯತೊಡಗಿದರು! ಈ ದುಡ್ಡು ಬರುವುದು ಮರಿ ನೀರಿಗಿಳಿಯುವುದನ್ನು ನೋಡುವ ಗಿರಾಕಿಗಳಿಂದ, ತಲೆಗೆ 300. ಇಲಾಖೆಯವರು ನಿಂತಿರುವಾಗ ಮಾತ್ರ, ದೂರದಿಂದ, ಮೊಬೈಲ್ ಒಳಗಿಟ್ಟು. ಒಬ್ಬರು ಫ್ಲ್ಯಾಶ್ ಹಾಕಿದರು. ಮರಿಗಳು ಸೀದಾ ಅವರ ಕಾಲ ಬುಡಕ್ಕೆ ತಿರುಗಿದವು. ಅವರನ್ನು ಆಗಲೇ ವಾಪಸ್ ಕಳಿಸಿದೆ.

ನಡುವೆ ಸುಮ್ನೆ ಒಂದು ಪ್ರಯೋಗ. ಮರಳು ಬಿಸಿಯಾದರೆ ಹೆಣ್ಣು ಜಾಸ್ತಿ, ತಂಪಾದರೆ ಗಂಡು ಅಲ್ವಾ? ಇಲಾಖೆಯವರನ್ನು ಕೇಳಿ ಮಾರ್ಚ್‌ನಲ್ಲಿ ಒಂದು ಗೂಡಿಗೆ ತೆಂಗಿನ ಗರಿ ನೆರಳು ಕೊಟ್ಟೆ. ಗಂಡೋ ಹೆಣ್ಣೋ ಮರಿ ನೋಡಿದರೆ ತಿಳಿಯುವುದಿಲ್ಲ. ನಾಲ್ಕೈದು ದಿನ ತಡವಾಗಿ ಒಡೆಯಿತು, ಅಷ್ಟೇ. ಅಷ್ಟೂ ದಿನ ಗಿರಾಕಿಗಳಿಗೆ ಸಮಾಧಾನ ಹೇಳಿ ಸಾಕಾಯಿತು.

ಹುಡುಗರು ಈ ಸಲ 2,500 ಕೇಳುತ್ತಿದ್ದಾರೆ. ಕೊಡುತ್ತೇನೆ, ಗಿರಾಕಿ ದರ 350 ಮಾಡಿದರೆ ಸರಿಹೋಗುತ್ತದೆ.