ಪ್ಲಾಸ್ಟರ್ ಏರುವ ಮೊದಲು: ಹೊಸ ತಾರಸಿಯನ್ನು ನಾನು ನೋಡುವ ಬಗೆ

ಆರ್‌ಸಿಸಿ (ಕಂಬಿ ಕಟ್ಟಿ ಕಾಂಕ್ರೀಟು ಹಾಕಿದ) ತಾರಸಿಯ ಕೆಲಸ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂದು ಕಣ್ಣಾರೆ ನೋಡಲು ಸಿಗುವುದು ಎರಡೇ ಹೊತ್ತು. ಒಂದು, ಮೋಲ್ಡ್ ಹಾಕುವ, ಅಂದರೆ ಕಾಂಕ್ರೀಟು ಸುರಿಯುವ ಹಿಂದಿನ ಸಂಜೆ. ಇನ್ನೊಂದು, ಕಾಂಕ್ರೀಟಿಗೆ ಅಚ್ಚಾಗಿ ಕೆಳಗೆ ಹಾಸಿದ ಶೀಟು ಬಿಚ್ಚಿದ ದಿನ. ಆಮೇಲೆ ಕೆಳಗಿನಿಂದ ಪ್ಲಾಸ್ಟರ್, ಮೇಲಿನಿಂದ ಸ್ಕ್ರೀಡು (ಇಳಿಜಾರಿಗೆ ಹಾಕುವ ಗಾರೆಯ ಪದರ) ಬಂದು ಕೂತರೆ ಸೋರಿಕೆ ಶುರುವಾಗುವವರೆಗೆ ಒಳಗೇನಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಮನೆಯವರು ಕರೆದಾಗ ನಾನು ಕೇಳುವ ಮೊದಲ ಪ್ರಶ್ನೆ, "ಸೀಲಿಂಗ್ ಪ್ಲಾಸ್ಟರ್ ಆಗಿಹೋಯ್ತಾ?"

ಹಿಂದಿನ ಸಂಜೆ ಎಲ್ಲರೂ ಏಣಿ ಹತ್ತಿ ಕಂಬಿ ನೋಡಲು ಹೋಗುತ್ತಾರೆ. ನಾನು ಮೊದಲು ಹೋಗುವುದು ಸೆಂಟ್ರಿಂಗ್ (ಶೀಟು, ಕಂಬಗಳ ತಾತ್ಕಾಲಿಕ ಚೌಕಟ್ಟು) ಕೆಳಗೆ, ಅದೂ ಬಿಸಿಲಿರುವಾಗಲೇ. ಕೆಳಗಿನ ಕತ್ತಲಲ್ಲಿ ನಿಂತು ತಲೆ ಎತ್ತಿದರೆ ಶೀಟಿನ ಸಂದುಗಳಲ್ಲಿ ಬೆಳಕು ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಬೆಳಕು ನುಗ್ಗುವ ಕಡೆಯೆಲ್ಲ ನಾಳೆ ಸಿಮೆಂಟಿನ ಹಾಲು ಸೋರಿಹೋಗುತ್ತದೆ. ಹಾಲು ಹೋದಲ್ಲಿ ಬರೀ ಜಲ್ಲಿ ಉಳಿದು ಜೇನುಗೂಡಿನಂತೆ ತೂತುಬೀಳುತ್ತದೆ. ಅಗಲವಾದ ಟೇಪು ಅಂಟಿಸಿದರೆ ಹೋಗುವ ಸಮಸ್ಯೆ ಇದು; ಮಾಡುವವರು ಕಡಿಮೆ.

ಅಲ್ಲೇ ಶೀಟು ಹೊತ್ತ ಕಂಬಗಳನ್ನೂ ನೋಡಿಬಿಡುತ್ತೇನೆ. ಪ್ರತಿ ಕಂಬದ ಬುಡದಲ್ಲಿ ಹಲಗೆ ಇರಬೇಕು. ಹೊಸದಾಗಿ ಮಣ್ಣು ತುಂಬಿದ ನೆಲದ ಮೇಲೆ ಇಟ್ಟಿಗೆ ಚೂರು ಪೇರಿಸಿ ಕಂಬ ನಿಲ್ಲಿಸಿದ್ದರೆ ಕಾಂಕ್ರೀಟಿನ ಭಾರಕ್ಕೆ ಅದು ಕುಸಿಯುತ್ತದೆ, ತಾರಸಿ ಅಲ್ಲೇ ಹೊಟ್ಟೆ ಬಿಡುತ್ತದೆ. ಕೈಯಿಂದ ತಳ್ಳಿದರೆ ಅಲ್ಲಾಡುವ ಕಂಬ ಭಾರವನ್ನೇ ಹೊರುತ್ತಿಲ್ಲ ಎಂದು ತಿಳಿಯಿರಿ.

ಮೇಲಕ್ಕೆ ಹತ್ತಿದ ಮೇಲೆ ಮೊದಲು ಕಂಬಿಯ ತೂಕ. 8 ಎಂಎಂ ಕಂಬಿಯ ಒಂದು ಮೀಟರ್ ತುಂಡು ಕತ್ತರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೂ ಸಾಕು: 395 ಗ್ರಾಂ ತೂಗಬೇಕು. ಒಂದೊಂದೇ ತುಂಡಿಗೆ ಶೇ 8ರಷ್ಟು ಕೊರತೆಯನ್ನು ಕಂಬಿಯ ಭಾರತೀಯ ಮಾನಕ ಒಪ್ಪುತ್ತದೆ, ಅಂದರೆ 363 ಗ್ರಾಂಗಿಂತ ಕೆಳಗೆ ಇಳಿಯಬಾರದು. ಬೇರೆ ದಪ್ಪಕ್ಕೂ ಲೆಕ್ಕ ಸುಲಭ. ಎಂಎಂ ಅಳತೆಯನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ಬರುತ್ತದೆ.

ಅಂತರ ನೋಡಲು ಒಂದೆರಡು ಕಡೆ ಟೇಪು ಇಟ್ಟರೆ ಮೋಸಹೋಗುತ್ತೀರಿ. ಎಣಿಸಿ. ನಕ್ಷೆಯಲ್ಲಿ 6 ಇಂಚು ಅಂತರ ಎಂದಿದ್ದರೆ 10 ಅಡಿ ಉದ್ದದಲ್ಲಿ 21 ಕಂಬಿ ಇರಬೇಕು. 18 ಸಿಕ್ಕರೆ ಅದು 7 ಇಂಚಿನ ಕೆಲಸ. ಎರಡು ಕಂಬಿ ಜೋಡಿಸುವಲ್ಲಿ ಒಂದರ ಮೇಲೊಂದು ಕೂರುವ ಉದ್ದ, 8 ಎಂಎಂಗೆ ಸುಮಾರು ಒಂದೂವರೆ ಅಡಿ. ಎಲ್ಲ ಜೋಡಣೆಗಳೂ ಒಂದೇ ಸಾಲಿನಲ್ಲಿ ಬಂದಿದ್ದರೆ ಬಿಚ್ಚಿಸಿ ಹಿಂದುಮುಂದು ಮಾಡಿಸುತ್ತೇನೆ.

ಕಂಬಿಯ ಕೆಳಗೆ 20 ಎಂಎಂ ಕವರ್ ಬ್ಲಾಕ್ (ಕಂಬಿಯನ್ನು ಶೀಟಿನಿಂದ ಎತ್ತಿ ಹಿಡಿಯುವ ಬಿಲ್ಲೆ), ಮೀಟರಿಗೊಂದರಂತೆ. ಜಲ್ಲಿ ಚೂರು, ಟೈಲ್ಸ್ ತುಂಡು ಇಟ್ಟಿದ್ದರೆ ಜನ ಓಡಾಡುವಾಗಲೇ ಜಾರಿ ಕಂಬಿ ಶೀಟಿಗೆ ಅಂಟಿಕೊಳ್ಳುತ್ತದೆ. ಕಾಂಕ್ರೀಟಿನ ಹೊದಿಕೆ ಇಲ್ಲದ ಕಂಬಿಗೆ ತೇವ ತಾಗಿ ತುಕ್ಕು ಹಿಡಿಯುತ್ತದೆ. ತುಕ್ಕು ಊದಿಕೊಂಡಾಗ ಕೆಳಗಿನ ಕಾಂಕ್ರೀಟು ಚಕ್ಕೆಯಾಗಿ ಉದುರುತ್ತದೆ. ಹಳೆಯ ಮನೆಗಳ ಸೀಲಿಂಗಿನಲ್ಲಿ ಕೆಂಪು ಕಂಬಿ ಹಲ್ಲುಕಿರಿಯುವುದರ ಹಿಂದೆ ಹೆಚ್ಚಾಗಿ ಇರುವುದು ಇದೇ.

ನಾನು ಹೆಚ್ಚು ಹೊತ್ತು ನಿಲ್ಲುವುದು ಮೇಲಿನ ಕಂಬಿಯ ಹತ್ತಿರ. ಕೋಣೆಯ ನಡುವೆ ತಾರಸಿ ಕೆಳಕ್ಕೆ ಬಾಗಲು ನೋಡುತ್ತದೆ, ಹಾಗಾಗಿ ಅಲ್ಲಿ ಕಂಬಿ ಕೆಳಗಿರಬೇಕು. ಭೀಮಿನ (ತಾರಸಿ ಹೊರುವ ತೊಲೆಯ) ಮೇಲೆ ಎಳೆತ ಬರುವುದು ಮೇಲ್ಮೈಗೆ, ಅಲ್ಲಿ ಕಂಬಿ ಮೇಲಿರಬೇಕು. ಅದನ್ನು ಎತ್ತಿ ಹಿಡಿಯುವುದು ಚೇರ್ ಎಂದು ಕರೆಯುವ ಬಾಗಿಸಿದ ಕಂಬಿ ತುಂಡುಗಳು. ಚೇರ್ ಇಲ್ಲದಿದ್ದರೆ ಬಾಂಡ್ಲಿ ಹೊತ್ತವರ ಕಾಲ್ತುಳಿತಕ್ಕೆ ಮೇಲಿನ ಕಂಬಿ ಹೋಗಿ ಕೆಳಗಿನದರ ಮೇಲೆ ಮಲಗುತ್ತದೆ. ಆಮೇಲೆ ಭೀಮಿನ ಗುಂಟ ತಾರಸಿಯ ಮೇಲ್ಮೈ ಸೀಳುತ್ತದೆ, ನೀರಿಗೆ ಅದೇ ದಾರಿ. ಹೊರಚಾಚಿದ ಬಾಲ್ಕನಿ ಮತ್ತು ಸಜ್ಜೆಯಲ್ಲಂತೂ ಮುಖ್ಯ ಕಂಬಿ ಪೂರ್ತಿ ಮೇಲೇ ಇರಬೇಕು, ಮತ್ತು ಒಳಗಿನ ತಾರಸಿಯೊಳಕ್ಕೆ ನಕ್ಷೆ ಹೇಳಿದಷ್ಟು ಉದ್ದ ಹೋಗಿರಬೇಕು. ಅಲ್ಲಿ ಕಂಬಿ ಕೆಳಗೆ ಕೂತಿದ್ದರೆ ಅದು ಸೋರಿಕೆಯ ಪ್ರಶ್ನೆಯಲ್ಲ, ಬಾಲ್ಕನಿಯೇ ಕಳಚಿ ಬೀಳುವ ಪ್ರಶ್ನೆ. ಈ ಒಂದು ವಿಷಯದಲ್ಲಿ ಮೇಸ್ತ್ರಿಯ ಜೊತೆ ರಾಜಿ ಮಾಡಿಕೊಳ್ಳುವುದಿಲ್ಲ. ಸರಿಮಾಡುವವರೆಗೆ ಮಿಕ್ಸರ್ ಶುರುಮಾಡಲು ಬಿಡುವುದಿಲ್ಲ.

ಕರೆಂಟಿನ ಪೈಪುಗಳು ಎರಡು ಪದರ ಕಂಬಿಯ ನಡುವೆ ಹೋಗಬೇಕು, ಒಂದರಿಂದ ಒಂದು ದೂರವಿರಬೇಕು. ನಾಲ್ಕೈದು ಪೈಪು ಕಟ್ಟಾಗಿ ಹೋಗಿದ್ದರೆ 5 ಇಂಚಿನ ತಾರಸಿ ಅಲ್ಲಿ ತೆಳ್ಳಗಾಗಿ, ಪೈಪಿನ ಗೆರೆಯಲ್ಲೇ ಬಿರುಕು ಬಿಡುತ್ತದೆ.

ಮೋಲ್ಡ್ ಹಾಕುವ ದಿನ ಕಣ್ಣಿಡಬೇಕಾದದ್ದು ನೀರಿನ ಮೇಲೆ. ಎಂ20 ದರ್ಜೆಯ ಕಾಂಕ್ರೀಟು, ಅಂದರೆ 1:1.5:3 (ಸಿಮೆಂಟು, ಮರಳು, ಜಲ್ಲಿ) ಮಿಶ್ರಣಕ್ಕೆ ಒಂದು ಚೀಲ ಸಿಮೆಂಟಿಗೆ 30 ಲೀಟರ್ ಎಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಸುರಿಯಲು ಸಲೀಸಾಗಲಿ ಎಂದು ಇನ್ನರ್ಧ ಬಕೆಟ್ ಸೇರಿಸುವುದು ಎಲ್ಲ ಕಡೆಯ ಚಾಳಿ. ಹೆಚ್ಚಾದ ನೀರು ಆವಿಯಾಗಿ ಹೋದ ಜಾಗದಲ್ಲಿ ಸಣ್ಣ ಸಣ್ಣ ನಾಳಗಳು ಉಳಿಯುತ್ತವೆ, ಮಳೆನೀರು ಇಳಿಯುವುದು ಅದರಲ್ಲೇ. ರೆಡಿಮಿಕ್ಸ್ ಲಾರಿ ಬಂದರೆ ಲೋಡ್ ಆದ ಹೊತ್ತನ್ನು ಚೀಟಿಯಲ್ಲಿ ನೋಡಿ; ಎರಡು ಗಂಟೆಯೊಳಗೆ ಖಾಲಿಯಾಗಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತಡವಾಗಿ, ಗಟ್ಟಿಯಾದ ಕಾಂಕ್ರೀಟಿಗೆ ಸೈಟಿನಲ್ಲಿ ಪೈಪು ಹಿಡಿದು ನೀರು ಬಿಡುತ್ತಿದ್ದರೆ ಆ ಲಾರಿಯನ್ನು ವಾಪಸ್ ಕಳಿಸಿ. ಊಟಕ್ಕೆಂದು ಎಲ್ಲರೂ ಒಟ್ಟಿಗೆ ಕೆಲಸ ನಿಲ್ಲಿಸಲೂಬಾರದು. ಬಿಸಿಲಲ್ಲಿ ಮುಕ್ಕಾಲು ಗಂಟೆ ಬಿಟ್ಟ ಅಂಚಿಗೆ ಹೊಸದು ಬೆಸೆಯುವುದಿಲ್ಲ.

ನೀರುಣಿಸುವುದು ಎಲ್ಲರಿಗೂ ಗೊತ್ತು: ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು, ಓಪಿಸಿ (ಸಾದಾ) ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಗೆ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟಿಗೆ) 10. ನಾನು 14 ದಿನ ಹಿಡಿಯುತ್ತೇನೆ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಶೀಟು ಬಿಚ್ಚುವಾಗ ಮೇಲೆ ನೀರು ನಿಂತೇ ಇದ್ದರೆ ಸೋರುವ ಜಾಗ ಆಗಲೇ ಒದ್ದೆಯಾಗಿ ಕಾಣುತ್ತದೆ, ಬೇರೆ ಪರೀಕ್ಷೆಗೆ ದುಡ್ಡು ಬೇಡ.

ಓಪಿಸಿ ಹಾಕಿದ, 4.5 ಮೀಟರ್‌ವರೆಗಿನ ತಾರಸಿಗೆ ಸೆಂಟ್ರಿಂಗ್ ಕಂಬ 7 ದಿನ ಇರಬೇಕು, ಆಧಾರಗಳ ನಡುವಿನ ದೂರ ಅದಕ್ಕಿಂತ ಉದ್ದವಿದ್ದರೆ 14 ದಿನ. ಪಿಪಿಸಿ ನಿಧಾನಕ್ಕೆ ಬಲಿಯುತ್ತದೆ, ಅದಕ್ಕೆ ಇನ್ನೂ ಕೆಲವು ದಿನ ಸೇರಿಸಿ. ಬಾಲ್ಕನಿಯ ಕಂಬ ತೆಗೆಯುವುದು ಕೊನೆಗೆ, ಅದೂ ಹೊರತುದಿಯಿಂದ ಗೋಡೆಯ ಕಡೆಗೆ.

ಶೀಟು ಬಿಚ್ಚುವ ದಿನ ಬೆಳಿಗ್ಗೆಯೇ ಅಲ್ಲಿರಬೇಕು, ಸಂಜೆ ಹೋದರೆ ಪ್ರಯೋಜನವಿಲ್ಲ. ಜೇನುಗೂಡು ಕಂಡ ತಕ್ಷಣ ಸಿಮೆಂಟು ಕಲಸಿ ಬಳಿದು ಮುಚ್ಚಿಬಿಡುವುದು ಸಾಮಾನ್ಯ. ಹಾಗೆ ಬಳಿದದ್ದು ಸುತ್ತಲಿಗಿಂತ ಬೇರೆ ಬಣ್ಣದ ತೇಪೆಯಾಗಿ ಕಾಣುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಟಣ್ ಎನ್ನದೆ ಡಬ್ ಎನ್ನುತ್ತದೆ. ಮೊದಲು ಫೋಟೋ, ಆಮೇಲೆ ಚಾಕ್‌ಪೀಸಿನಿಂದ ಸುತ್ತ ಗೆರೆ. ಬೆರಳಿನ ಉಗುರಷ್ಟು ಆಳದ, ಕಂಬಿ ಕಾಣದ ತೂತುಗಳು ದೊಡ್ಡ ವಿಷಯವಲ್ಲ. ಕಂಬಿ ಕಾಣುತ್ತಿದ್ದರೆ, ಅಥವಾ ಭೀಮು ಮತ್ತು ಕಾಂಕ್ರೀಟಿನ ಕಂಬ ಕೂಡುವಲ್ಲಿ ಜೇನುಗೂಡಿದ್ದರೆ, ಸಡಿಲ ಜಲ್ಲಿಯನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದು, ತೊಳೆದು, ಕುಗ್ಗದ ಮೈಕ್ರೋ ಕಾಂಕ್ರೀಟು ತುಂಬಿಸಬೇಕು. ಎಲ್ಲಿಯವರೆಗೆ ಕೆತ್ತಬೇಕೆಂಬುದನ್ನು ನಕ್ಷೆ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಹೇಳಲಿ, ಮೇಸ್ತ್ರಿಯಲ್ಲ.

ಅದೇ ದಿನ ಇನ್ನು ಮೂರು ಕೆಲಸ. ಸೀಲಿಂಗಿಗೆ ಮೂಲೆಯಿಂದ ಮೂಲೆಗೆ ದಾರ ಎಳೆದು ಹೊಟ್ಟೆ ಬಿಟ್ಟಿದೆಯೇ ನೋಡುವುದು. ಮೆಟ್ಟಿಲಿನ ಬಾಯಿ ಅಥವಾ ಪೈಪು ಇಳಿಯುವ ಡಕ್ಟಿನ ಅಂಚಿನಲ್ಲಿ ದಪ್ಪ ಅಳೆಯುವುದು: 125 ಎಂಎಂ ಎಂದು ಬಿಲ್ಲಾದದ್ದು 105 ಇರಬಾರದು. ಮತ್ತೆ, ಸೀಲಿಂಗಿಗೆ ಅಡ್ಡಡ್ಡವಾಗಿ ಟಾರ್ಚು ಬಿಡುವುದು. ಸಾಲುಸಾಲು ಕಂಬಿಯ ಗುರುತು ಮೂಡಿದ್ದರೆ ಕವರ್ ಇಲ್ಲ. ಉದ್ದಕ್ಕೂ ಬಣ್ಣ ಬದಲಾದ ಒಂದು ಗೆರೆಯಿದ್ದರೆ ಅಲ್ಲಿ ಕಾಂಕ್ರೀಟು ನಡುವೆ ನಿಲ್ಲಿಸಿ, ತಡವಾಗಿ ಮುಂದುವರಿಸಿದ್ದಾರೆ.

ಮೇಲ್ಮೈಯ ಕೆಲಸದಲ್ಲಿ ತಪ್ಪು ಬೀಳುವುದು ಹೆಚ್ಚಾಗಿ ವಾಟದಲ್ಲಿ. 100ಕ್ಕೆ 1ರಂತೆ ಇಳಿಜಾರು, ಅಂದರೆ 10 ಮೀಟರ್ ದೂರಕ್ಕೆ 10 ಸೆಂ.ಮೀ. ಇಷ್ಟು ಎತ್ತರ ಕೊಡಲು ಹೋದರೆ ಸ್ಕ್ರೀಡು ದಪ್ಪವಾಗುತ್ತದೆ, ಖರ್ಚು ಏರುತ್ತದೆ, ಆದ್ದರಿಂದ ಅರ್ಧಕ್ಕೆ ಇಳಿಸುತ್ತಾರೆ. ಮಳೆನೀರಿನ ಪೈಪಿನ ಬಾಯಿ ಸ್ಕ್ರೀಡಿಗಿಂತ ಅರ್ಧ ಇಂಚು ಮೇಲೆ ಕೂತಿದ್ದರೆ ಎಷ್ಟು ವಾಟ ಕೊಟ್ಟರೂ ಅದರ ಸುತ್ತ ಸದಾ ನೀರು ನಿಲ್ಲುತ್ತದೆ. ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯನ್ನು ಚೂಪಾಗಿ ಬಿಡದೆ ಗುಂಡಗೆ ತುಂಬಿಸಿರಬೇಕು, ವಾಟರ್‌ಪ್ರೂಫಿಂಗ್ ಗೋಡೆಯ ಮೇಲೆ ಒಂದಡಿಯಾದರೂ ಹತ್ತಿರಬೇಕು. ಸಜ್ಜೆಯ ಅಡಿಯಂಚಿನಲ್ಲಿ ನೀರು ತೊಟ್ಟಿಕ್ಕಲು ಉದ್ದಕ್ಕೂ ಒಂದು ಸಣ್ಣ ಕಾಲುವೆಯಂಥ ಗೀರು ಇರಬೇಕು, ಇಲ್ಲದಿದ್ದರೆ ನೀರು ಅಡಿಮೈ ಹಿಡಿದು ಗೋಡೆಗೆ ಬರುತ್ತದೆ.

ಟೈಲ್ಸ್ ಹಾಕುವ ಮೊದಲು ಪೈಪುಗಳ ಬಾಯಿ ಕಟ್ಟಿ 48 ಗಂಟೆ ನೀರು ನಿಲ್ಲಿಸಿ. 1000 ಚದರಡಿಗೆ ಸರಾಸರಿ ಒಂದು ಇಂಚು ನೀರು ಎಂದರೆ ಸುಮಾರು 2,360 ಲೀಟರ್. ಎತ್ತರದ ಕಡೆ ಮುಳುಗಲಿಲ್ಲವೆಂದು ಅಡಿಗಟ್ಟಲೆ ತುಂಬಿಸಬೇಡಿ, ಪ್ರತಿ ಇಂಚಿಗೆ ಚದರ ಮೀಟರಿಗೆ 25 ಕೆಜಿ ಭಾರ ಏರುತ್ತದೆ. ವಾಟ ಹೆಚ್ಚಿದ್ದರೆ ನಡುವೆ ಗಾರೆಯ ಕಟ್ಟೆ ಕಟ್ಟಿ ಭಾಗ ಭಾಗವಾಗಿ ನೋಡಿ. ಕೆಳಗೆ ನೋಡಬೇಕಾದ ಜಾಗಗಳು ಫ್ಯಾನ್ ಬಾಕ್ಸ್, ಪೈಪು ಇಳಿದ ಮೂಲೆ, ಭೀಮಿನ ಪಕ್ಕ. ನೀರು ಹೊರಬಿಟ್ಟಮೇಲೂ ಇನ್ನೆರಡು ದಿನ ನೋಡುತ್ತಿರಿ, ಏಕೆಂದರೆ ಕರೆಂಟಿನ ಪೈಪಿನೊಳಗೆ ಇಳಿದ ನೀರು ಸ್ವಿಚ್ ಬೋರ್ಡಿನ ಹತ್ತಿರ ಬಂದು ಕಾಣಿಸಿಕೊಳ್ಳಲು ಅಷ್ಟು ಹೊತ್ತು ಹಿಡಿಯುತ್ತದೆ. ಒಣಗಿದ ಮೇಲೆ ಬಿಳಿ ಪುಡಿ ಮೂಡಿದರೆ ನೀರು ಅಲ್ಲಿಂದ ಹಾದಿದೆ. ಚಾಕ್‌ಪೀಸಿನ ಗೆರೆ ಅಲ್ಲಿಗೂ ಎಳೆಯಿರಿ.