ಕೆಂಪು ಕಾರ್ಡು, ಬಿಳಿ ಕಾರ್ಡು: ನನ್ನ ಪ್ರೆಸ್ಸಿನಲ್ಲಿ ಯಾರ ಮಾತು ಯಾವಾಗ ನಡೆಯುತ್ತದೆ

ಗದಗ-ಬೆಟಗೇರಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟವರಿಗೆ ವರ್ಷವಿಡೀ ಒಂದೇ ಥರದ ಕೆಲಸ ಇರುವುದಿಲ್ಲ. ಬೇಸಿಗೆಯಲ್ಲಿ ಲಗ್ನಪತ್ರಿಕೆ, ಶಾಲೆ ಶುರುವಾಗುವ ಹೊತ್ತಿಗೆ ನೋಟ್‌ಬುಕ್, ದಸರಾ ದಾಟಿದರೆ ಕ್ಯಾಲೆಂಡರ್, ನಡುವೆ ಬಿಲ್ ಬುಕ್, ಹ್ಯಾಂಡ್‌ಬಿಲ್. ಕೆಲಸ ಹೀಗೆ ಬದಲಾಗುತ್ತಿದ್ದರೂ ಪ್ರೆಸ್ ನಡೆಸುವ ರೀತಿ ಮಾತ್ರ ಎಲ್ಲ ಕಾಲಕ್ಕೂ ಒಂದೇ. ಒಂದೋ ಸಾವ್ಕಾರ ಹೇಳಿದ್ದೇ ಕೊನೆಯ ಮಾತು, ಇಲ್ಲವೋ ಎಲ್ಲ ಹಳೇ ಮಷಿನ್‌ಮನ್ ಮೇಲೆ. ನಮ್ಮ ಪ್ರೆಸ್ಸಿನಲ್ಲಿ ಹತ್ತು-ಹನ್ನೆರಡು ಮಂದಿ ಇದ್ದೇವೆ. ಇಷ್ಟು ಸಣ್ಣ ಜಾಗದಲ್ಲೂ ಯಾರು ತೀರ್ಮಾನ ಮಾಡಬೇಕು ಅನ್ನುವುದು ಕೆಲಸ ನೋಡಿ ಬದಲಾಗಬೇಕು, ಮಾಲೀಕನ ಸ್ವಭಾವ ನೋಡಿ ಅಲ್ಲ ಎಂದು ನಾನು ನಂಬಿದ್ದೇನೆ.

ಇದು ನನಗೆ ಸ್ಪಷ್ಟವಾಗಿದ್ದು 2017ರ ಜುಲೈನಲ್ಲಿ. 1ನೇ ತಾರೀಖಿನಿಂದ ಜಿಎಸ್‌ಟಿ ಜಾರಿಗೆ ಬಂತು. ಹಳೇ ತೆರಿಗೆ ವ್ಯಾಟ್ ಕಾಲದ ಟಿನ್ ನಂಬರ್ (ತೆರಿಗೆ ನೋಂದಣಿ ಸಂಖ್ಯೆ) ಇದ್ದ ಬಿಲ್ ಬುಕ್ಕುಗಳು ಕೆಲಸಕ್ಕೆ ಬಾರದಂತಾದವು. ಕಿರಾಣಿ, ಬಟ್ಟೆ, ಹಾರ್ಡ್‌ವೇರ್ ಅಂಗಡಿಯವರೆಲ್ಲ ಒಟ್ಟಿಗೇ ಬಂದರು. ಎಲ್ಲರಿಗೂ ನಾಳೆಯೇ ಬೇಕು. ಸರಕು ಮಾರುವವರಿಗೆ ಮೂರು ಪ್ರತಿ: ಗಿರಾಕಿಗೊಂದು, ಲಾರಿಯವರಿಗೊಂದು, ತಮಗೊಂದು. ಸೇವೆ ಕೊಡುವವರಿಗೆ ಎರಡು ಸಾಕು. ಸಣ್ಣ ವ್ಯಾಪಾರಿಗಳಿಗಿರುವ ಕಾಂಪೋಸಿಷನ್ ಎಂಬ ಸರಳ ತೆರಿಗೆ ಪದ್ಧತಿ ಆರಿಸಿಕೊಂಡವರು ಬಿಲ್ಲಿನಲ್ಲಿ ತೆರಿಗೆ ಹಾಕುವಂತಿಲ್ಲ, ಅವರದು ಬೇರೆಯೇ ನಮೂನೆ.

ಇಂಥ ಹೊತ್ತಲ್ಲಿ ಎಲ್ಲರ ಅಭಿಪ್ರಾಯ ಕೇಳುತ್ತ ಕೂತರೆ ಆಗುವುದಿಲ್ಲ. ನಾನೇ ಮೂರು ನಮೂನೆ ಗಟ್ಟಿ ಮಾಡಿದೆ. ಅದರಾಚೆ ಯಾರೂ ಒಂದು ಗೆರೆ ಸರಿಸುವಂತಿಲ್ಲ ಅಂದೆ. ಕಂಪೋಸಿಂಗ್, ಪ್ಲೇಟ್, ಮಷಿನ್, ನಂಬರಿಂಗ್, ಬೈಂಡಿಂಗ್, ಹೀಗೆ ಒಬ್ಬೊಬ್ಬರಿಗೆ ಒಂದೇ ಕೆಲಸ. ಒಬ್ಬ ಹುಡುಗನಿಗೆ ಜಿಎಸ್‌ಟಿ ನಂಬರ್ ತಾಳೆ ನೋಡುವುದಷ್ಟೇ ಕೆಲಸ. ಆ ನಂಬರಿನಲ್ಲಿ 15 ಅಕ್ಷರ-ಅಂಕಿ. ಕರ್ನಾಟಕದ್ದಾದರೆ ಮೊದಲು 29, ಆಮೇಲಿನ ಹತ್ತು ಅವರ ಪ್ಯಾನ್ ನಂಬರ್. ಹಾಗಾಗಿ ಗಿರಾಕಿಯ ಪ್ಯಾನ್ ಕಾರ್ಡ್ ಪಕ್ಕದಲ್ಲಿಟ್ಟುಕೊಂಡರೆ ತಪ್ಪು ಅಲ್ಲೇ ಸಿಗುತ್ತದೆ. ಕೆಲಸದವರಿಗೆ ಬೇಸರ ಆಯ್ತಾ? ಸ್ವಲ್ಪ ಆಯ್ತು. ಆದರೆ ಇದು ಈ ನೂಕುನುಗ್ಗಲು ಇಳಿಯುವವರೆಗೆ ಮಾತ್ರ ಎಂದು ಮೊದಲೇ ಹೇಳಿದ್ದೆ, ಇಳಿದ ಮೇಲೆ ಬಿಟ್ಟೂ ಬಿಟ್ಟೆ. ಬಿಗಿ ಮಾಡುವವನು ಯಾವಾಗ ಸಡಿಲ ಮಾಡುತ್ತೇನೆ ಅನ್ನುವುದನ್ನೂ ಹೇಳಬೇಕು ಅನ್ನಿಸುತ್ತದೆ ನನಗೆ.

ಮುಂದಿನ ವರ್ಷದ್ದು ಇನ್ನೂ ಕಷ್ಟದ್ದು. 2018ರ ಮೇ 12ಕ್ಕೆ ವಿಧಾನಸಭೆ ಚುನಾವಣೆ. ಅದೇ ಮೇ ನಡುವಿನಿಂದ ಅಧಿಕ ಜ್ಯೇಷ್ಠ ಮಾಸ ಬೇರೆ. ಅಧಿಕ ಮಾಸದಲ್ಲಿ ಲಗ್ನ ಮಾಡುವುದಿಲ್ಲ, ಹಾಗಾಗಿ ಅದಕ್ಕೂ ಮೊದಲೇ ಮುಗಿಸಬೇಕೆಂಬ ಅವಸರ ಎಲ್ಲರಿಗೂ. ಕರಪತ್ರ ಮತ್ತು ಲಗ್ನಪತ್ರಿಕೆ ಒಂದೇ ಮಷಿನ್ನಿಗೆ ಕಾಯುತ್ತಿದ್ದವು.

ಎರಡನ್ನೂ ಒಂದೇ ರೀತಿ ನಡೆಸಲು ಸಾಧ್ಯವೇ ಇರಲಿಲ್ಲ. ಚುನಾವಣೆ ಕರಪತ್ರಕ್ಕೆ ಕಾನೂನಿದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಮುದ್ರಕರು, ಪ್ರಕಾಶಕರು ಇಬ್ಬರ ಹೆಸರು-ವಿಳಾಸವೂ ಹಾಳೆಯ ಮೇಲೆ ಇರಬೇಕು. ಪ್ರಕಾಶಕರು ಸಹಿ ಮಾಡಿದ ಘೋಷಣೆ, ಅದಕ್ಕೆ ಅವರನ್ನು ಬಲ್ಲ ಇಬ್ಬರ ದೃಢೀಕರಣ ನಮ್ಮ ಕೈ ಸೇರಬೇಕು. ಅಚ್ಚಾದ ಮೇಲೆ ಅದರ ಪ್ರತಿ ಅಧಿಕಾರಿಗಳಿಗೆ ಹೋಗಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಇಲ್ಲಿ ಹುಡುಗರ ಜಾಣತನಕ್ಕೆ ಜಾಗ ಇಲ್ಲ. ಈ ಕಾಗದಪತ್ರ ಪೂರ್ತಿ ಬರುವವರೆಗೆ ಅಚ್ಚಿನ ಪ್ಲೇಟ್ ಮಾಡುವುದಿಲ್ಲ, ಎಷ್ಟೇ ದೊಡ್ಡವರು ಫೋನ್ ಮಾಡಲಿ.

ಲಗ್ನಪತ್ರಿಕೆ ಹಾಗಲ್ಲ. ಯಾವ ಬಣ್ಣ ಈಗ ಓಡುತ್ತದೆ, 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ದೊಡ್ಡಪ್ಪನ ಹೆಸರು ಎಲ್ಲಿ ಬರಬೇಕು ಅನ್ನುವುದೆಲ್ಲ ಗಿರಾಕಿ ಎದುರು ಕೂತವರಿಗೇ ಗೊತ್ತಾಗುವುದು. ನಮ್ಮಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುವ ಹುಡುಗಿಗೆ ಆ ವಿಭಾಗ ಪೂರ್ತಿ ಬಿಟ್ಟೆ. ದರದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಮಾಡುವ ಅಧಿಕಾರವೂ ಅವಳದೇ. ಗಿರಾಕಿ ಪ್ರೂಫ್ ಮೇಲೆ ಸಹಿ ಮಾಡಬೇಕು, ಅದೊಂದೇ ನನ್ನ ನಿಯಮ.

ಮಷಿನ್ ಮಾತ್ರ ಒಂದೇ ಅಲ್ವಾ? ಯಾವುದು ಮೊದಲು ಅನ್ನುವ ಜಗಳ ದಿನಾ ಬರುತ್ತಿತ್ತು. ಅದನ್ನು ಬಗೆಹರಿಸುವ ಕೆಲಸ ನಮ್ಮ ಹಿರಿಯ ಮಷಿನ್‌ಮನ್ ಕಾಕಾ ಅವರಿಗೆ ಕೊಟ್ಟೆ. ಅವರು ಎರಡೂ ಕಡೆಯವರಲ್ಲ, ಎರಡೂ ಕೆಲಸ ಬಲ್ಲವರು. ಒಮ್ಮೆ ಡಿಟಿಪಿ ಹುಡುಗಿ ಬಂದು, "ಕಾಕಾರ, ಕೆಂಪು ಕುಂಕುಮದಂಗ ಬರವಲ್ದು, ಇನ್ನೊಮ್ಮೆ ಇಂಕ್ ನೋಡ್ರಿ" ಅಂದಳು. ಹೊರಗೆ ಪಕ್ಷದವರ ಜೀಪು ನಿಂತಿತ್ತು. ಕಾಕಾ ಮಷಿನ್ ನಿಲ್ಲಿಸಿ ಇಂಕ್ ಸರಿ ಮಾಡಿದರು. "ಕರಪತ್ರ ಸಂಜಿಗಿ ಹೋದ್ರೂ ನಡಿತೈತ್ರಿ, ಲಗ್ನದ ಕಾರ್ಡ್ ಮನಿಮನಿಗಿ ಹಂಚೂದೈತಿ" ಅಂದರು. ನಾನು ಅಡ್ಡ ಬರಲಿಲ್ಲ.

ಧಾರವಾಡದಲ್ಲಿ ಮ್ಯಾನೇಜ್‌ಮೆಂಟ್ ಓದಿದ ಗೆಳೆಯನೊಬ್ಬ ಇದನ್ನು ಕೇಳಿ, ಹಾರ್ವರ್ಡ್‌ನ ಪಾಲ್ ಲಾರೆನ್ಸ್ ಮತ್ತು ಜೇ ಲಾರ್ಶ್ 1967ರಲ್ಲೇ ಹೀಗೆ ಹೇಳಿದ್ದಾರೆ ಎಂದ. ಪ್ಲಾಸ್ಟಿಕ್, ಆಹಾರ, ಡಬ್ಬಿ ತಯಾರಿಸುವ ಕಂಪನಿಗಳನ್ನು ನೋಡಿ ಬರೆದದ್ದಂತೆ. ಹೊರಗಿನ ಪರಿಸ್ಥಿತಿ ಬೇರೆ ಇದ್ದಷ್ಟೂ ಒಳಗಿನ ವಿಭಾಗಗಳೂ ಬೇರೆ ಬೇರೆ ರೀತಿ ಇರಬೇಕು, ಆದರೆ ಅವನ್ನು ಜೋಡಿಸಲು ಎರಡೂ ಕಡೆ ನಂಬುವವರು ಬೇಕು ಅನ್ನುವುದು ಅವರ ಮಾತು. ಕಾಕಾ ಮಾಡಿದ್ದು ಇದನ್ನೇ.

2020ರಲ್ಲಿ ಬಿಗಿ ಹಿಡಿಯುವುದು, ಬಿಟ್ಟುಕೊಡುವುದು ಎರಡೂ ಕೆಲಸಕ್ಕೆ ಬರಲಿಲ್ಲ. ಲಾಕ್‌ಡೌನ್ ಸಡಿಲಾದ ಮೇಲೂ ಲಗ್ನಕ್ಕೆ 50 ಮಂದಿ ಮಿತಿ. ಪತ್ರಿಕೆ ಯಾರು ಮಾಡಿಸುತ್ತಾರೆ, ವಾಟ್ಸ್ಯಾಪ್‌ನಲ್ಲಿ ಒಂದು ಚಿತ್ರ ಸಾಕು. ಮುಂದೆ ಏನು ಅಂತ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಸುಮ್ನೆ ಹುಕುಂ ಕೊಡಬಾರದು. ಲೆಕ್ಕದ ಪುಸ್ತಕ ಎಲ್ಲರ ಮುಂದೆ ಬಿಚ್ಚಿದೆ. ಬಾಡಿಗೆ ಎಷ್ಟು, ಬ್ಯಾಂಕಿನ ಕಂತು ಎಷ್ಟು, ಪಗಾರಕ್ಕೆ ಏನು ಉಳಿಯುತ್ತದೆ ಎಂದು ಓದಿ ಹೇಳಿದೆ. ಆಗ ಬೈಂಡಿಂಗ್ ಮಾಡುವ ಅಕ್ಕ ಅಂದರು: "ಅಣ್ಣಾರ, ಔಷಧ ಅಂಗಡಿ ಒಂದೂ ಬಂದ್ ಆಗಿಲ್ಲಲ್ರೀ. ಗುಳಗಿ ಹಾಕೂ ಕವರ್ ನಾವ್ಯಾಕ ಮಾಡಬಾರ್ದು?"

ಆ ಕೆಲಸಕ್ಕೆ ಅವರೇ ಮುಂದಾಳು. ನಾನು ಅಂಗಡಿ ಅಂಗಡಿಗೆ ಹೋಗಿ ಆರ್ಡರ್ ತಂದೆ, ಕಾಕಾ ಗೋಂದು ಹಚ್ಚಿದರು, ಡಿಟಿಪಿ ಹುಡುಗಿ ಕಟಿಂಗ್ ಕಲಿತಳು. ಯಾರ ಕೆಲಸ ಯಾವುದು ಅನ್ನುವ ಗೆರೆಯೇ ಇರಲಿಲ್ಲ. ಪಗಾರ ಎಷ್ಟು ಕಡಿಮೆ ತಗೋಬೇಕು ಅಂತಲೂ ಕೂತು ಮಾತಾಡಿಯೇ ತೀರ್ಮಾನಿಸಿದೆವು. ಲಾಭ ಬರಲಿಲ್ಲ. ಆದರೆ ಯಾರೂ ಬಿಟ್ಟು ಹೋಗಲಿಲ್ಲ.

ಈಗ ಇದಕ್ಕೊಂದು ಪದ್ಧತಿ ಮಾಡಿಕೊಂಡಿದ್ದೇವೆ. ಮಾಲೀಕ ಇವತ್ತು ಬಿಗಿ, ನಾಳೆ ಸಡಿಲ ಅಂದರೆ ಕೆಲಸದವರು ನನ್ನ ಮುಖ ನೋಡಿಕೊಂಡೇ ದಿನ ಕಳೆಯಬೇಕಾಗುತ್ತದೆ. ಅದಕ್ಕೇ ಪ್ರತಿ ಆರ್ಡರಿನ ವಿವರ ಬರೆಯುವ ಜಾಬ್ ಕಾರ್ಡಿಗೆ ಎರಡು ಬಣ್ಣ. ಕೆಂಪು ಅಂದರೆ ತಪ್ಪಾದರೆ ಸರಿಪಡಿಸಲು ಬಾರದ ಕೆಲಸ: ಚುನಾವಣೆ, ಬಿಲ್ ಬುಕ್, ಪ್ರಶ್ನೆಪತ್ರಿಕೆ. ನನ್ನ ಸಹಿ ಇಲ್ಲದೆ ಏನೂ ಬದಲಾಗುವಂತಿಲ್ಲ. ಬಿಳಿ ಅಂದರೆ ಗಿರಾಕಿ ಜೊತೆ ಮಾತಾಡಿದವರದೇ ಕೊನೆಯ ಮಾತು, ನಾನೂ ಅವರನ್ನು ಕೇಳಿಯೇ ಮುಟ್ಟಬೇಕು. ಯಾವುದಕ್ಕೆ ಯಾವ ಬಣ್ಣ ಅನ್ನುವುದು ಬೆಳಿಗ್ಗೆ ಚಹಾ ಹೊತ್ತಿಗೆ ಎಲ್ಲರೂ ಸೇರಿ ತೀರ್ಮಾನಿಸುತ್ತೇವೆ.

ಕ್ಯಾಲೆಂಡರ್ ಬಂದಾಗ ಮಾತ್ರ ವಾದ ಜೋರಾಗುತ್ತದೆ. ಮೇಲಿನ ಚಿತ್ರ, ಅಂಗಡಿಯ ಹೆಸರು ಬಿಳಿ. ಕೆಳಗಿನ ತಾರೀಖು, ಅಮಾವಾಸ್ಯೆ, ಏಕಾದಶಿ, ರಜೆ ಕೆಂಪು. ಹಾಗಾಗಿ ಒಂದೇ ಕೆಲಸಕ್ಕೆ ಎರಡು ಕಾರ್ಡು ಪಿನ್ ಮಾಡುತ್ತೇವೆ, ಎರಡಕ್ಕೂ ಬೇರೆ ಬೇರೆ ಜನ ಸಹಿ ಹಾಕುತ್ತಾರೆ.