ಹಿತ್ತಲಲ್ಲಿ ಕಟ್ಟಿದ ಪಿರಮಿಡ್: ನನ್ನ ಅನುಭವ

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಗೆ ಹೋಗಿದ್ದಾಗ ಮಗಳು ಶಿಖರ ನೋಡಿ, "ಅಪ್ಪ, ಇದೂ ಪಿರಮಿಡ್ಡಾ?" ಅಂದಳು. ಹಾಸನದಿಂದ ಬೇಲೂರಿನ ಕಡೆ ಹೋಗುವಾಗ ಸಿಗುವ ಹೊಯ್ಸಳರ ಕಾಲದ ಗುಡಿ ಅದು. ಅಲ್ಲಿ ಶಿಖರಗಳು ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತಾ ಮೇಲೇರುತ್ತವೆ. "ಆಕಾರ ಹತ್ತಿರ ಹತ್ತಿರ ಅದೇ, ಆದರೆ ಕಟ್ಟಿದ ಕಾರಣ ಬೇರೆ" ಅಂದೆ. "ಹಾಗಾದ್ರೆ ನಾವೊಂದು ಕಟ್ಟೋಣ" ಅಂದಳು. ಜನವರಿಯಲ್ಲಿ ಹಾಸನದ ನಮ್ಮ ಮನೆ ಹಿತ್ತಲಲ್ಲೇ ಶುರು ಮಾಡಿದೆವು.

ಗೀಜಾದಲ್ಲಿರುವ ಖುಫು ದೊರೆಯ ಪಿರಮಿಡ್ಡಿನ ಬುಡ 440 ಮೊಳ, ಎತ್ತರ 280 ಮೊಳ. ಆಗಿನ ಈಜಿಪ್ಟಿನವರು ಇಳಿಜಾರನ್ನು ಡಿಗ್ರಿಯಲ್ಲಿ ಹೇಳುತ್ತಿರಲಿಲ್ಲ. ಒಂದು ಮೊಳ, ಅಂದರೆ ಏಳು ಅಂಗೈ ಅಗಲ ಮೇಲೇರಿದರೆ ಎಷ್ಟು ಅಂಗೈ ಒಳಗೆ ಸರಿಯಬೇಕು ಅಂತ ಲೆಕ್ಕ ಹಾಕುತ್ತಿದ್ದರು. ಅದಕ್ಕೆ ಸೆಕೆಡ್ ಅಂತ ಹೆಸರು. ಖುಫುವಿನದು ಐದೂವರೆ. ನಾನು ಅಂಗೈ ಬದಲು ಸೆಂಟಿಮೀಟರ್ ಹಿಡಿದೆ. ನಮಗೆ ಸಿಕ್ಕ ಇಟ್ಟಿಗೆ ಗಾರೆ ಸೇರಿ ಸರಿಯಾಗಿ 7 ಸೆಂ.ಮೀ. ಬರುತ್ತಿತ್ತು. ಪ್ರತಿ ವರಸೆಗೂ ನಾಲ್ಕೂ ಕಡೆ 5.5 ಸೆಂ.ಮೀ. ಒಳಕ್ಕೆ ಸರಿದರೆ ಆಯಿತು. ಮೊದಲ ವರಸೆ 110 ಸೆಂ.ಮೀ., ಆಮೇಲೆ 99, 88, 77. ಹತ್ತನೇ ವರಸೆ 11. ಇಷ್ಟು ಸಲೀಸಾದ ಲೆಕ್ಕ ನೋಡಿ ನನಗೆ ಮೈ ಜುಂ ಎಂದಿತು.

ದಿಕ್ಕು ಹಿಡಿಯಲು ದಿಕ್ಸೂಚಿ ಬಳಸಲಿಲ್ಲ. ನಮ್ಮ ಹಿರಿಯರ ಶಂಕುವಿನ ಉಪಾಯವೇ ಸಾಕಾಯಿತು. ಮಟ್ಟವಾದ ನೆಲದಲ್ಲಿ ನೇರವಾಗಿ ಒಂದು ಕೋಲು ನೆಟ್ಟು ಸುತ್ತ ವೃತ್ತ ಬರೆದೆವು. ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ ಪಶ್ಚಿಮ. ಖುಫುವಿನ ಪಿರಮಿಡ್ ದಿಕ್ಕಿನಲ್ಲಿ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟೂ ತಪ್ಪಿಲ್ಲ. ನಮ್ಮದು ಅಷ್ಟು ಕರಾರುವಾಕ್ಕು ಇರಲಾರದು.

130 ಸೆಂ.ಮೀ. ಚೌಕದ ಕಾಂಕ್ರೀಟ್ ಹಾಸು ಹಾಕಿ, ಟ್ಯೂಬಿನಲ್ಲಿ ನೀರು ತುಂಬಿ ಮಟ್ಟ ನೋಡಿದೆವು. ಮೂಲೆ ಲಂಬಕೋನವಾಗಿ ಬರಲು ಮೂರು, ನಾಲ್ಕು, ಐದರ ಅಳತೆಯ ಬದಿಗಳಿರುವ ದಾರದ ತ್ರಿಕೋನ. ಹಾಸಿನ ಮೇಲೆ ಗುರುತು ಮಾಡಿದ 110ರ ಚೌಕದ ಕರ್ಣ ಎರಡೂ 155.6 ಸೆಂ.ಮೀ. ಬಂದ ಮೇಲೆ ಕಟ್ಟಲು ಕೂತೆ.

ಐದನೇ ವರಸೆ ಮುಗಿಸಿ ದೂರ ನಿಂತು ನೋಡಿದರೆ ಪಿರಮಿಡ್ ತಿರುಚಿಕೊಂಡಿತ್ತು! ಒಂದು ಮೂಲೆಯ ಅಂಚು ಬಿಲ್ಲಿನ ಹಾಗೆ ಬಾಗಿತ್ತು. ಪ್ರತಿ ಸಲ ರಸಮಟ್ಟ ಇಟ್ಟಿದ್ದೆ, ಪ್ರತಿ ಸಲ ಐದೂವರೆ ಅಳೆದಿದ್ದೆ. ಆದರೂ ಹೀಗಾಯಿತು. ಪಕ್ಕದ ಮನೆಯ ಮೇಸ್ತ್ರಿ ಬಂದು ಸುಮ್ನೆ ಒಂದು ಸುತ್ತು ಹಾಕಿದರು. "ನೋಡಪ್ಪ, ಕೆಳಗಿನ ವರಸೆ ನಂಬಿ ಮೇಲಿನದು ಇಟ್ಟಿದ್ದೀಯ. ಕೆಳಗಿನ ತಪ್ಪೂ ಜೊತೆಗೇ ಮೇಲೆ ಹತ್ತಿದೆ. ನಡುವಿನಿಂದ ಅಳತೆ ಹಿಡಿ" ಅಂದರು.

ಖುಫುವಿನ ತಂದೆ ಸ್ನೆಫೆರು ದಹಶೂರಿನಲ್ಲಿ ಕಟ್ಟಿಸಿದ ಪಿರಮಿಡ್ ಸುಮಾರು 54 ಡಿಗ್ರಿಯಲ್ಲಿ ಶುರುವಾಗಿ, ಅರ್ಧಕ್ಕೆ 43 ಡಿಗ್ರಿಗೆ ಬಾಗುತ್ತದೆ. ಅವರಿಗೆ ಕಿತ್ತು ಕಟ್ಟುವ ಅವಕಾಶ ಇರಲಿಲ್ಲ. ನನಗಿತ್ತು. ಗಾರೆ ಇನ್ನೂ ಹಸಿ ಇತ್ತು, ಐದೂ ವರಸೆ ಕಿತ್ತೆವು. ಮಗಳು ಒಂದೊಂದೇ ಇಟ್ಟಿಗೆ ತೊಳೆದು ಜೋಡಿಸಿಟ್ಟಳು.

ಈ ಸಲ ಹಾಸಿನ ನಡುವೆ ತೂತು ಕೊರೆದು ಒಂದು ಕಬ್ಬಿಣದ ಸರಳು ನೆಟ್ಟು, ತೂಕದ ಗುಂಡಿನಿಂದ ನೇರ ಮಾಡಿದೆ. ಸರಳಿನಿಂದ ನಾಲ್ಕು ಮೂಲೆಗೆ ದಾರ ಎಳೆದೆ. 70 ಸೆಂ.ಮೀ. ಎತ್ತರದಲ್ಲಿ ಕಟ್ಟಿ, ಕೆಳಗೆ 110ರ ಮೂಲೆಗೆ ಬಿಗಿದರೆ ಇಟ್ಟಿಗೆ ಮೂಲೆಗಳು ದಾರವನ್ನು ಹೊರಕ್ಕೆ ತಳ್ಳುತ್ತಿದ್ದವು. ಯೋಚನೆ ಮಾಡಿದಾಗ ಹೊಳೆಯಿತು. ಮೆಟ್ಟಿಲುಗಳನ್ನು ಗಾರೆಯಿಂದ ಮುಚ್ಚಿದ ಮೇಲೆ ಬುಡ ಪ್ರತಿ ಕಡೆಗೂ 5.5 ಜಾಸ್ತಿ ಆಗುತ್ತದೆ ಅಲ್ವಾ! ಹಾಗಾಗಿ ದಾರ ಕಟ್ಟಬೇಕಾದದ್ದು 77ರ ಎತ್ತರಕ್ಕೆ, ಎಳೆಯಬೇಕಾದದ್ದು 121ರ ಮೂಲೆಗೆ. ಆಗ ಪ್ರತಿ ವರಸೆಯ ಮೇಲ್ಮೂಲೆ ದಾರಕ್ಕೆ ಸರಿಯಾಗಿ ತಾಗುತ್ತದೆ. ನೀವು ಕಟ್ಟುವುದಾದರೆ ಇಟ್ಟಿಗೆ ಮುಟ್ಟುವ ಮೊದಲೇ ಈ ಸರಳು ನೆಡಿ. ಇಟ್ಟಿಗೆ ನೆನೆಸಿಡಿ. ತುಂಡುಗಳನ್ನು ಒಳಗೆ ಹಾಕಿ, ಇಡೀ ಇಟ್ಟಿಗೆ ಅಂಚಿಗಿರಲಿ. ನಮಗೆ ಸುಮಾರು 190 ಬೇಕಾಯಿತು.

ಗಾರೆಯನ್ನು ಒಂದೇ ಸಲ ದಪ್ಪಗೆ ಬಳಿಯಬೇಡಿ, ಜಾರಿ ಬೀಳುತ್ತದೆ. ಒಂದು ದಿನ ಮೆಟ್ಟಿಲು ತುಂಬಿಸಿ, ಗೀರು ಹಾಕಿ ಬಿಟ್ಟು, ಮಾರನೇ ದಿನ ದಾರದ ಮಟ್ಟಕ್ಕೆ ಪಟ್ಟಿ ಎಳೆದೆವು. ಹತ್ತು ದಿನ ಒದ್ದೆ ಗೋಣಿಚೀಲ ಹೊದಿಸಿದೆವು.

ತುದಿಯ ಕಲ್ಲು ಮಗಳದು. ಬುಡ 11, ಎತ್ತರ 7. ಅದೇ ಒಂದು ಪುಟ್ಟ ಪಿರಮಿಡ್. ಬುಡ 11, ಓರೆ ಎತ್ತರ 8.9 ಸೆಂ.ಮೀ. ಇರುವ ನಾಲ್ಕು ತ್ರಿಕೋನ ತಗಡು ಕತ್ತರಿಸಿ ಅಂಟಿಸಿ, ತಲೆಕೆಳಗಾಗಿ ಇಟ್ಟು ಸಿಮೆಂಟ್ ಸುರಿದಳು. ಸರಳನ್ನು 70ಕ್ಕೆ ಕತ್ತರಿಸಿ, ಅದನ್ನು ಅವಳ ಕೈಯಲ್ಲೇ ಕೂರಿಸಿದೆ.

ಮಳೆಗಾಲದಲ್ಲಿ ಪಡುವಣ ಮುಖಕ್ಕೆ ಪಾಚಿ ಹಿಡಿಯಿತು. ಉಜ್ಜಿ ತೆಗೆದೆವು. ಡಿಸೆಂಬರ್ 21ರಂದು ಮಗಳು ಒಂದು ಪರೀಕ್ಷೆ ಇಟ್ಟಿದ್ದಳು. ಗೀಜಾದಲ್ಲಿ ಆ ದಿನ ನಡುಹಗಲಿನ ಸೂರ್ಯ 37 ಡಿಗ್ರಿ ಎತ್ತರವನ್ನೂ ಮುಟ್ಟುವುದಿಲ್ಲ, ಪಿರಮಿಡ್ಡಿನ ಬಡಗಣ ಮುಖ ಪೂರ್ತಿ ನೆರಳು. ಹಾಸನದಲ್ಲಿ ಅದೇ ಸೂರ್ಯ 53 ಡಿಗ್ರಿ ದಾಟುತ್ತಾನೆ. ನಮ್ಮ ಇಳಿಜಾರು ಸುಮಾರು 52. ಹನ್ನೆರಡೂ ಇಪ್ಪತ್ತರ ಹೊತ್ತಿಗೆ ಬಡಗಣ ಮುಖದ ಮುಂದೆ ಇಬ್ಬರೂ ಕುಕ್ಕರಗಾಲಲ್ಲಿ ಕೂತೆವು. ತೆಳ್ಳಗಿನ ಬಿಸಿಲು ಗಾರೆಯ ಮೇಲೆ ಸವರಿಕೊಂಡು ಇಳಿಯುತ್ತಿತ್ತು. ಪಿರಮಿಡ್ಡಿನ ಸುತ್ತ ಎಲ್ಲೂ ಅದರ ನೆರಳಿರಲಿಲ್ಲ.